ಪದ ಪರಿಚಯ: ಪಾವರ್ಟಿ ಡ್ರಾಫ್ಟ್

ಯುವಕರನ್ನು ಕಾನೂನಿನ ಬಲದಿಂದ ಸೇನೆಗೆ ಸೇರಿಸಿಕೊಳ್ಳುವ ಪದ್ಧತಿಯನ್ನು ಅಮೆರಿಕದಲ್ಲಿ ‘ಡ್ರಾಫ್ಟ್’ ಎನ್ನುತ್ತಾರೆ. 1973ರಲ್ಲಿ ಅದು ನಿಂತುಹೋಗಿ, ಸ್ವಇಚ್ಛೆಯಿಂದ ಬಂದವರನ್ನಷ್ಟೇ ಸೇರಿಸಿಕೊಳ್ಳುವ ವ್ಯವಸ್ಥೆ ಬಂತು. ಆದರೆ ಕಾಲೇಜಿನ ಶುಲ್ಕ ಕಟ್ಟಲಾಗದ, ಸುತ್ತಮುತ್ತ ನೆಲೆಯಾದ ಕೆಲಸವೂ ಸಿಗದ ಮನೆಯ ಹುಡುಗನಿಗೆ ಸೇನೆಯೊಂದೇ ದಾರಿಯಾಗಿ ಕಂಡರೆ ಅದನ್ನು ಸ್ವಇಚ್ಛೆ ಎನ್ನಬಹುದೇ ಎಂಬ ಪ್ರಶ್ನೆ ಉಳಿಯಿತು. ಕಾನೂನು ಬಿಟ್ಟ ಕೆಲಸವನ್ನು ಬಡತನ ಮಾಡುತ್ತಿದೆ ಎಂಬ ಈ ಆಕ್ಷೇಪವೇ ‘ಪಾವರ್ಟಿ ಡ್ರಾಫ್ಟ್’.

ಲ್ಯಾಟಿನ್ ಅಮೆರಿಕ ಮೂಲದವರ, ಅಂದರೆ ಲ್ಯಾಟಿನೊ ಸಮುದಾಯದ ಮಟ್ಟಿಗೆ ಈ ಚರ್ಚೆಯನ್ನು ಆಳಕ್ಕೆ ಒಯ್ದವರಲ್ಲಿ ಜಾರ್ಜ್ ಮರಿಸ್ಕಲ್ ಮುಖ್ಯರು. ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಅವರು ವಿಯೆಟ್ನಾಂ ಯುದ್ಧದಲ್ಲಿ ಸ್ವತಃ ಸೈನಿಕರಾಗಿದ್ದವರು. ಆ ಯುದ್ಧದ ಬಗ್ಗೆ ಮೆಕ್ಸಿಕನ್ ಮೂಲದ ಅಮೆರಿಕನ್ನರು, ಅಂದರೆ ಚಿಕಾನೊಗಳು, ಬರೆದ ಕಥೆ, ಕವಿತೆ, ಲೇಖನಗಳನ್ನು 1999ರಲ್ಲಿ ಒಂದು ಸಂಕಲನವಾಗಿ ತಂದರು. ಆ ಬರಹಗಳ ಹಿಂದೆ ಕಹಿಯಾದ ಲೆಕ್ಕವೊಂದಿದೆ. ಅಮೆರಿಕದ ನೈಋತ್ಯ ರಾಜ್ಯಗಳ ಜನಸಂಖ್ಯೆಯಲ್ಲಿ ಚಿಕಾನೊಗಳು ಶೇಕಡಾ 10ರಿಂದ 12ರಷ್ಟಿದ್ದಾಗ, 1961ರಿಂದ 1967ರ ಆರಂಭದವರೆಗೆ ಆ ರಾಜ್ಯಗಳಿಂದ ಹೋಗಿ ವಿಯೆಟ್ನಾಮಿನಲ್ಲಿ ಸತ್ತವರಲ್ಲಿ ಅವರ ಪಾಲು ಶೇಕಡಾ 19ನ್ನು ದಾಟಿತ್ತೆಂದು ರಾಲ್ಫ್ ಗುಜ್ಮಾನ್ ಎಂಬ ವಿದ್ವಾಂಸರು ತೋರಿಸಿದ್ದರು. 1970ರ ಆಗಸ್ಟ್ 29ರಂದು ಪೂರ್ವ ಲಾಸ್ ಏಂಜಲೀಸಿನಲ್ಲಿ ಸಾವಿರಾರು ಚಿಕಾನೊಗಳು ಯುದ್ಧದ ವಿರುದ್ಧ ಮೆರವಣಿಗೆ ಹೊರಟದ್ದಕ್ಕೆ ಈ ಲೆಕ್ಕವೂ ಕಾರಣ. ಅಂದು ಪೊಲೀಸರ ಕಡೆಯಿಂದ ಹಾರಿದ ಅಶ್ರುವಾಯು ಶೆಲ್ ತಗುಲಿ ಪತ್ರಕರ್ತ ರೂಬೆನ್ ಸಲಾಜಾರ್ ಸತ್ತರು.

ಈ ಪರಿಕಲ್ಪನೆಗೆ ವಿರೋಧವೂ ಇದೆ, ಮತ್ತು ಅದನ್ನು ತಳ್ಳಿಹಾಕುವಂತಿಲ್ಲ. ಸೇನೆ ಸೇರಲು ಸಾಮಾನ್ಯವಾಗಿ ಪ್ರೌಢಶಾಲೆ ಮುಗಿಸಿರಬೇಕು, ಅರ್ಹತಾ ಪರೀಕ್ಷೆಯಲ್ಲಿ ಇಂತಿಷ್ಟು ಅಂಕ ಬರಬೇಕು. ಹೀಗಾಗಿ ಕಡುಬಡವರಲ್ಲಿ ಅನೇಕರು ಹೊಸ್ತಿಲಲ್ಲೇ ಉಳಿಯುತ್ತಾರೆ. ಆದ್ದರಿಂದ ‘ಬಡತನ’ ಎಂಬುದನ್ನು ಹಸಿವು ಎಂದಲ್ಲ, ಬೇರೆ ದಾರಿಗಳ ಅಭಾವ ಎಂದು ಓದಿಕೊಳ್ಳುವುದೇ ಸರಿ. ಅಷ್ಟಾದರೂ ಲ್ಯಾಟಿನೊ ಯುವಕರ ವಿಷಯದಲ್ಲಿ ಈ ವಿವರಣೆ ಪೂರ್ತಿಯಾಗುವುದಿಲ್ಲ. ಸಂಬಳ, ವಿದ್ಯಾರ್ಥಿವೇತನಗಳ ಜೊತೆಗೆ ಅಲ್ಲಿ ಇನ್ನೊಂದು ಸೆಳೆತವಿದೆ: ‘ನೀನು ಈ ದೇಶದವನೇ?’ ಎಂದು ಮತ್ತೆ ಮತ್ತೆ ಕೇಳಿಸಿಕೊಳ್ಳುವ ಮನೆಯಲ್ಲಿ ಸಮವಸ್ತ್ರವೇ ಉತ್ತರವಾಗುತ್ತದೆ. ಅಜ್ಜ ಎರಡನೆಯ ಮಹಾಯುದ್ಧಕ್ಕೆ, ತಂದೆ ವಿಯೆಟ್ನಾಮಿಗೆ ಹೋಗಿದ್ದರೆ, ಮಗ ಹೋಗದಿರುವುದೇ ವಿವರಣೆ ಕೊಡಬೇಕಾದ ಸಂಗತಿಯಾಗಿಬಿಡುತ್ತದೆ. ಹಣದ ಲೆಕ್ಕವನ್ನಷ್ಟೇ ಹಿಡಿದು ಕೂತವರಿಗೆ ಇದು ಕಾಣುವುದಿಲ್ಲ. ಸಾಹಿತ್ಯ ಓದುವವರಿಗೆ ಕಾಣುತ್ತದೆ.

ಈ ಸೆಳೆತಕ್ಕೆ ಸರ್ಕಾರದ ನೀತಿಯೂ ಕೈಜೋಡಿಸಿತು. 2001ರ ಸೆಪ್ಟೆಂಬರ್ 11ರ ನಂತರ ಸೇವೆಯಲ್ಲಿರುವ ವಿದೇಶೀಯರಿಗೆ ಬೇಗನೆ ಪೌರತ್ವ ಕೊಡುವಂತೆ ಅಧ್ಯಕ್ಷ ಬುಷ್ 2002ರ ಜುಲೈನಲ್ಲಿ ಆದೇಶ ಹೊರಡಿಸಿದರು. ಇರಾಕ್ ಯುದ್ಧದಲ್ಲಿ ಮೊದಲು ಸತ್ತ ಅಮೆರಿಕನ್ ಸೈನಿಕರಲ್ಲೊಬ್ಬನಾದ ಹೊಸೆ ಗುಟಿಯೆರೆಜ್, ಗ್ವಾಟೆಮಾಲಾದಿಂದ ದಾಖಲೆಗಳಿಲ್ಲದೆ ಬಂದಿದ್ದ ಅನಾಥ. ಅವನಿಗೆ ಅಮೆರಿಕದ ಪೌರತ್ವ ಸಿಕ್ಕಿದ್ದು ಸತ್ತ ಮೇಲೆ.

ಮರಿಸ್ಕಲ್ ತರಗತಿಯಲ್ಲೇ ಉಳಿಯದೆ, ಸ್ಯಾನ್ ಡಿಯೇಗೊದ ‘ಪ್ರಾಜೆಕ್ಟ್ ಯಾನೊ’ ಎಂಬ ಸಂಘಟನೆಯ ಜೊತೆ ಕೆಲಸ ಮಾಡಿದರು. ಸೇನೆಯ ಭರ್ತಿ ಅಧಿಕಾರಿಗಳು ಕೇಳಿದರೆ ಪ್ರೌಢಶಾಲೆಗಳು ವಿದ್ಯಾರ್ಥಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಕೊಡಬೇಕೆಂದು 2002ರಲ್ಲಿ ಜಾರಿಗೆ ಬಂದ ಶಿಕ್ಷಣ ಕಾಯಿದೆ ಹೇಳಿತ್ತು. ಬೇಡವೆಂದು ಬರೆದುಕೊಡುವ ಹಕ್ಕು ತಂದೆತಾಯಿಗಳಿಗಿತ್ತಾದರೂ, ಇಂಗ್ಲಿಷ್ ಬಾರದ ಮನೆಗಳಿಗೆ ಆ ಸುದ್ದಿ ಮುಟ್ಟುವುದು ಸುಲಭವಿರಲಿಲ್ಲ. ಇಂಥ ಮಾಹಿತಿಯನ್ನು ಮಕ್ಕಳಿಗೂ ಮನೆಯವರಿಗೂ ತಿಳಿಸುವುದು, ಸೇನೆಯ ಹೊರಗಿನ ಓದು ಮತ್ತು ಉದ್ಯೋಗದ ದಾರಿಗಳನ್ನು ತೋರಿಸುವುದು, ಸಹಿ ಹಾಕುವ ಮುನ್ನ ಒಪ್ಪಂದ ಪತ್ರವನ್ನು ಓದಿಸುವುದು ಇಂಥ ಸಂಘಟನೆಗಳ ಕೆಲಸ. ನಾಲ್ಕು ವರ್ಷಕ್ಕೆಂದು ಸೇರುವವನೂ ಮೀಸಲು ಪಡೆಯ ಅವಧಿ ಸೇರಿ ಒಟ್ಟು 8 ವರ್ಷಗಳ ಬಾಧ್ಯತೆಗೆ ಒಳಪಡುತ್ತಾನೆ ಎಂಬುದು ಆ ಪತ್ರದಲ್ಲೇ ಅಚ್ಚಾಗಿರುತ್ತದೆ.