ಕಂಪ್ಯೂಟರ್‌ನಲ್ಲಿ ಸೌಂಡ್ ಬರ್ತಿಲ್ಲ: ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಸೌಂಡ್ ನಿಂತುಹೋದ ಕೂಡಲೇ ಹೆಚ್ಚಿನವರು ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ. ಆಗಲಿಲ್ಲ ಅಂದರೆ ವಿಂಡೋಸ್ ಅನ್ನೇ ಹೊಸದಾಗಿ ಹಾಕುತ್ತಾರೆ. ಇದರಿಂದ ಕೆಲವೊಮ್ಮೆ ಸೌಂಡ್ ವಾಪಸ್ ಬರುತ್ತದೆ. ಆದರೆ ಕೆಟ್ಟಿದ್ದು ಏನು ಅನ್ನುವುದು ಗೊತ್ತಾಗುವುದೇ ಇಲ್ಲ. ಮುಂದಿನ ಸಲ ಮತ್ತೆ ಅದೇ ಪಾಡು. ಕಲಿಯುವ ನಮಗೆ ಇದು ಸಾಲದು.

ಈ ಟಿಪ್ಪಣಿಯಲ್ಲಿ ಬೇರೆ ದಾರಿ ಹಿಡಿಯೋಣ. ಸೌಂಡ್ ಹುಟ್ಟುವ ಜಾಗದಿಂದ ಕಿವಿಯವರೆಗೆ ಒಂದು ಹಾದಿ ಇದೆ. ಅದರ ನಡುವೆ ಒಂದು ಕಡೆ ನಿಂತು, ಸೌಂಡ್ ಇಲ್ಲಿಯವರೆಗೆ ಬಂದಿದೆಯಾ ಇಲ್ವಾ ಎಂದು ನೋಡಬೇಕು. ಬಂದಿದ್ದರೆ ತೊಂದರೆ ಮುಂದಿದೆ, ಬಂದಿಲ್ಲದಿದ್ದರೆ ಹಿಂದಿದೆ. ಹುಡುಕುವ ಜಾಗ ಒಂದೇ ಏಟಿಗೆ ಅರ್ಧ ಆಗುತ್ತದೆ.

ಮೊದಲು ಹಾದಿ ಗೊತ್ತಿರಲಿ

ಹಾಡಿನ ಫೈಲ್ ಅನ್ನು ಪ್ಲೇಯರ್ ಬಿಡಿಸಿ, ಬರೀ ಅಂಕಿಗಳ ಸಾಲಾಗಿ ಮಾಡುತ್ತದೆ. ಸಿಡಿಯ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 44,100 ಅಂಕಿಗಳು. ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ 48,000. ಇದು ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಆಪರೇಟಿಂಗ್ ಸಿಸ್ಟಮ್‌ನ ಮಿಕ್ಸರ್ ಎಲ್ಲ ಆ್ಯಪ್‌ಗಳಿಂದ ಬರುವ ಈ ಸಾಲುಗಳನ್ನು ಕೂಡಿಸಿ ಒಂದು ಮಾಡುತ್ತದೆ. ಡ್ರೈವರ್ ಅದನ್ನು ಹಾರ್ಡ್‌ವೇರ್‌ಗೆ ದಾಟಿಸುತ್ತದೆ. ಮದರ್‌ಬೋರ್ಡ್ ಮೇಲಿರುವ ಕೋಡೆಕ್ ಎಂಬ ಚಿಕ್ಕ ಚಿಪ್ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುತ್ತದೆ. ಆಂಪ್ಲಿಫೈಯರ್ ಆ ಅಲೆಯನ್ನು ದೊಡ್ಡದು ಮಾಡುತ್ತದೆ, ಸ್ಪೀಕರ್ ಗಾಳಿಯನ್ನು ಅಲುಗಿಸುತ್ತದೆ.

ಈ ಕೋಡೆಕ್ ಚಿಪ್ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ರಿಯಲ್‌ಟೆಕ್ ಕಂಪನಿಯದು. ಅದು ಮಾತಾಡುವ ಪದ್ಧತಿ ಇಂಟೆಲ್ 2004ರಲ್ಲಿ ತಂದ ಹೈ ಡೆಫಿನಿಷನ್ ಆಡಿಯೋ. ವಿಂಡೋಸ್‌ನಲ್ಲಿ ಹಾರ್ಡ್‌ವೇರ್‌ಗಳನ್ನೆಲ್ಲ ಸಾಲಾಗಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಈ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ, ಹಾಗಾಗಿ ನೆನಪಿರಲಿ.

ಈಗ ಮುಖ್ಯವಾದ ಮಾತು. ಒಂದು ಕಂಪ್ಯೂಟರ್‌ನಲ್ಲಿ ಇಂಥ ಹಾದಿ ಒಂದೇ ಅಲ್ಲ, ಹಲವು ಇರುತ್ತವೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಹೋಗುವ ಸೌಂಡ್ ಈ ಚಿಪ್ ಹತ್ತಿರ ಸುಳಿಯುವುದೇ ಇಲ್ಲ. ಅದನ್ನು ಗ್ರಾಫಿಕ್ಸ್ ಭಾಗವೇ ಅಂಕಿಗಳ ರೂಪದಲ್ಲಿ ಮಾನಿಟರ್‌ಗೋ ಟಿವಿಗೋ ಕಳಿಸುತ್ತದೆ. ಯುಎಸ್‌ಬಿ ಹೆಡ್‌ಸೆಟ್ ಒಳಗೆ ಅದರದೇ ಪುಟ್ಟ ಚಿಪ್ ಇದೆ. ಬ್ಲೂಟೂತ್ ಹೆಡ್‌ಸೆಟ್‌ಗೂ ಅದರದೇ ಇದೆ. ಅಂದರೆ "ಸೌಂಡ್ ಬರ್ತಿಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಸಲ ಸೌಂಡ್ ಸರಿಯಾಗಿಯೇ ಹೊರಟಿರುತ್ತದೆ, ನಾವು ಕಿವಿ ಕೊಟ್ಟ ಕಡೆಗೆ ಬರುತ್ತಿಲ್ಲ ಅಷ್ಟೇ.

ಒಂದೇ ಆ್ಯಪ್ಪಾ, ಎಲ್ಲ ಕಡೆಯಾ?

ಇದನ್ನು ಮೊದಲು ಕೇಳಿಕೊಳ್ಳಿ. ಬ್ರೌಸರ್‌ನಲ್ಲಿ ಬರ್ತಿಲ್ಲ, ಬೇರೆ ಪ್ಲೇಯರ್‌ನಲ್ಲಿ ಬರ್ತಿದೆ ಅಂದರೆ ಡ್ರೈವರ್ ಮುಟ್ಟುವ ಅಗತ್ಯವೇ ಇಲ್ಲ. ಟ್ಯಾಬ್ ಮ್ಯೂಟ್ ಆಗಿರಬಹುದು, ವಿಡಿಯೋದ ಸ್ವಂತ ವಾಲ್ಯೂಮ್ ಸೊನ್ನೆಯಲ್ಲಿರಬಹುದು. ವಿಂಡೋಸ್ ವಿಸ್ಟಾ ಬಂದ 2007ರಿಂದ ಪ್ರತಿ ಆ್ಯಪ್‌ಗೂ ಬೇರೆ ವಾಲ್ಯೂಮ್ ಇದೆ. ಹಾಗಾಗಿ ವಾಲ್ಯೂಮ್ ಮಿಕ್ಸರ್ ತೆರೆದು ಆ ಆ್ಯಪ್‌ನ ಗೆರೆ ಎಲ್ಲಿದೆ ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಒಂದೊಂದು ಆ್ಯಪ್ ಅನ್ನು ಒಂದೊಂದು ಸ್ಪೀಕರ್‌ಗೆ ಕಳಿಸುವ ಅವಕಾಶವೂ ಇದೆ. ಯಾವಾಗಲೋ ಹಾಗೆ ಆರಿಸಿಟ್ಟು ಮರೆತಿದ್ದರೆ ಆ ಆ್ಯಪ್ ಮಾತ್ರ ಮೌನವಾಗಿರುತ್ತದೆ. ಅಲ್ಲೇ ಕೆಳಗಿರುವ ರೀಸೆಟ್ ಒತ್ತಿದರೆ ಎಲ್ಲವೂ ಮೊದಲಿನಂತಾಗುತ್ತವೆ.

ಕರೆಯಲ್ಲಿರುವಾಗ ಮಾತ್ರ ಹಾಡು ಸಣ್ಣಗಾಗುತ್ತದೆ ಅಂದರೆ ಅದು ಕೆಟ್ಟಿರುವುದಲ್ಲ. ಕರೆ ನಡೆಯುತ್ತಿದೆ ಎಂದು ಗೊತ್ತಾದ ಕೂಡಲೇ ಬೇರೆ ಸೌಂಡ್‌ಗಳನ್ನು 80 ಶೇಕಡಾ ಇಳಿಸುವ ಪದ್ಧತಿ ವಿಂಡೋಸ್‌ಗೆ ಇದೆ. ಸೌಂಡ್ ಕಿಟಕಿಯ (ಅದನ್ನು ತೆರೆಯುವ ಬಗೆ ಮುಂದಿನ ಭಾಗದಲ್ಲಿದೆ) ಕಮ್ಯುನಿಕೇಷನ್ಸ್ ಟ್ಯಾಬ್‌ನಲ್ಲಿ ಅದನ್ನು ನಿಲ್ಲಿಸಬಹುದು.

ಹಸಿರು ಪಟ್ಟಿ ಎಂಬ ಸಾಕ್ಷಿ

ನಡುವೆ ನಿಂತು ನೋಡುವ ಜಾಗ ಅಂದೆನಲ್ಲ, ಅದು ಇದೇ. ಈ ಟಿಪ್ಪಣಿಯಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಟಾಸ್ಕ್‌ಬಾರ್‌ನ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ. ವಿಂಡೋಸ್ 11 ಆದರೆ ಕೆಳಗೆ ಸರಿದು ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿ. ವಿಂಡೋಸ್ 10ರಲ್ಲಿ ಅದರ ಹೆಸರು ಸೌಂಡ್ ಕಂಟ್ರೋಲ್ ಪ್ಯಾನೆಲ್. ಹಳೆಯ ಮಾದರಿಯ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಅದರ ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ನಿಮ್ಮ ಎಲ್ಲ ಹಾದಿಗಳೂ ಸಾಲಾಗಿ ಕಾಣುತ್ತವೆ. ಈಗ ಒಂದು ಹಾಡು ಹಾಕಿ, ಅದು ಓಡುತ್ತಿರಲಿ. ಡಿವೈಸ್‌ಗಳ ಬಲಕ್ಕೆ ಇರುವ ಸಣ್ಣ ಪಟ್ಟಿಗಳನ್ನು ನೋಡಿ. ಸೌಂಡ್ ಹೋಗುತ್ತಿರುವ ಡಿವೈಸ್ ಪಕ್ಕದ ಪಟ್ಟಿ ಹಸಿರಾಗಿ ಏರಿಳಿಯುತ್ತದೆ.

ಏರಿಳಿತ ಬೇರೆ ಯಾವುದೋ ಡಿವೈಸ್ ಪಕ್ಕ ಕಾಣುತ್ತಿದೆಯಾ? ಹಾಗಾದರೆ ಹಾದಿ ತಪ್ಪಿದೆ. ಎಚ್‌ಡಿಎಂಐ ಮಾನಿಟರ್ ಹೊಸದಾಗಿ ಜೋಡಿಸಿದಾಗ ಇದು ತುಂಬಾ ಸಾಮಾನ್ಯ. ವಿಂಡೋಸ್ ಮಾನಿಟರ್ ಅನ್ನೇ ಸೌಂಡ್‌ನ ಜಾಗ ಎಂದುಕೊಳ್ಳುತ್ತದೆ, ಆ ಮಾನಿಟರ್‌ನಲ್ಲಿ ಸ್ಪೀಕರ್ರೇ ಇರುವುದಿಲ್ಲ. ನಿಮ್ಮ ಸ್ಪೀಕರ್ ಆರಿಸಿ ಸೆಟ್ ಡಿಫಾಲ್ಟ್ ಒತ್ತಿದರೆ ಮುಗಿಯಿತು. ಮಾನಿಟರ್‌ನಿಂದಲೇ ಸೌಂಡ್ ಬೇಕು ಅನ್ನುವವರು ಕೇಬಲ್ ಯಾವುದು ಎಂದೂ ನೋಡಬೇಕು. ವಿಜಿಎ ಕೇಬಲ್‌ನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಸೌಂಡ್ ಹೋಗುವುದಿಲ್ಲ.

ಸರಿಯಾದ ಡಿವೈಸ್ ಪಕ್ಕದಲ್ಲೇ ಪಟ್ಟಿ ಕುಣಿಯುತ್ತಿದೆ, ಆದರೂ ಕಿವಿಗೆ ಏನೂ ಇಲ್ಲ. ಇದು ಎರಡನೆಯ ಪರಿಸ್ಥಿತಿ. ಆ್ಯಪ್, ಫೈಲ್, ಮಿಕ್ಸರ್ ಎಲ್ಲ ಚೆನ್ನಾಗಿವೆ ಎಂದಾಯಿತು. ಒಂದು ಎಚ್ಚರಿಕೆ: ಡಿವೈಸ್ ಮ್ಯೂಟ್ ಆಗಿದ್ದರೂ ಪಟ್ಟಿ ಕುಣಿಯಬಹುದು. ಹಾಗಾಗಿ ಆ ಡಿವೈಸ್‌ನ ಪ್ರಾಪರ್ಟೀಸ್ ತೆರೆದು ಲೆವೆಲ್ಸ್ ಟ್ಯಾಬ್‌ನಲ್ಲಿ ಸ್ಪೀಕರ್ ಗುರುತಿನ ಮೇಲೆ ಕೆಂಪು ಇದೆಯಾ ನೋಡಿ. ಎಡ ಬಲದ ಬ್ಯಾಲೆನ್ಸ್ ಕೂಡ ಅಲ್ಲೇ ಇದೆ. ಅದೂ ಸರಿ ಇದ್ದರೆ ಎನ್‌ಹಾನ್ಸ್‌ಮೆಂಟ್‌ಗಳನ್ನು (ಸೌಂಡ್‌ಗೆ ಮೆರುಗು ಕೊಡುವ ಆಯ್ಕೆಗಳನ್ನು) ನಿಲ್ಲಿಸಿ, ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಫಾರ್ಮ್ಯಾಟ್ ಅನ್ನು 24 ಬಿಟ್ 48,000 ಹರ್ಟ್ಜ್‌ಗೆ ಬದಲಿಸಿ ಟೆಸ್ಟ್ ಒತ್ತಿ ನೋಡಿ. ಆಗಲೂ ಮೌನವೇ ಆದರೆ ಡ್ರೈವರ್, ಪಿನ್, ಸ್ಪೀಕರ್ ಕಡೆ ಗಮನ ಕೊಡಿ.

ಮೂರನೆಯದು, ಯಾವ ಪಟ್ಟಿಯೂ ಅಲುಗಾಡುತ್ತಿಲ್ಲ. ತೊಂದರೆ ಮಿಕ್ಸರ್‌ನಲ್ಲಿದೆ ಅಥವಾ ಅದಕ್ಕೂ ಹಿಂದಿದೆ. ವಿಂಡೋಸ್‌ನ ಸರ್ವಿಸಸ್ ಕಿಟಕಿಯಲ್ಲಿ ವಿಂಡೋಸ್ ಆಡಿಯೋ, ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಎಂಬ, ಹಿನ್ನೆಲೆಯಲ್ಲಿ ಓಡುವ ಎರಡು ಸರ್ವಿಸ್‌ಗಳಿವೆ. ಮೊದಲನೆಯದು ಎರಡನೆಯದನ್ನು ನಂಬಿಕೊಂಡಿದೆ. ಎರಡೂ ಓಡುತ್ತಿರಬೇಕು, ಇಲ್ಲದಿದ್ದರೆ ರೀಸ್ಟಾರ್ಟ್ ಮಾಡಿ. ಇನ್ನೊಂದು ಕಾರಣವೂ ಇರಬಹುದು. ಕೆಲವು ಸಂಗೀತದ ಆ್ಯಪ್‌ಗಳು ಡಿವೈಸ್ ಅನ್ನು ಪೂರ್ತಿ ತಮ್ಮದಾಗಿಸಿಕೊಳ್ಳುತ್ತವೆ, ಆಗ ಬೇರೆ ಯಾವ ಆ್ಯಪ್‌ಗೂ ಸೌಂಡ್ ಸಿಗುವುದಿಲ್ಲ. ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಎಕ್ಸ್‌ಕ್ಲೂಸಿವ್ ಕಂಟ್ರೋಲ್ ಎಂದಿರುವ ಟಿಕ್ ತೆಗೆದರೆ ಈ ಹಿಡಿತ ಹೋಗುತ್ತದೆ.

ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಡಿವೈಸ್ ಇಲ್ಲವೇ ಇಲ್ಲ ಅಂದರೆ

ಆ ಟ್ಯಾಬ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಶೋ ಡಿಸೇಬಲ್ಡ್ ಡಿವೈಸಸ್ ಮೇಲೆ ಟಿಕ್ ಇಡಿ. ಮಸುಕಾಗಿ ಕಾಣಿಸಿಕೊಂಡರೆ ಎನೇಬಲ್ ಮಾಡಿ. ಆಗಲೂ ಕಾಣದಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿನ ಕೋಡ್ ಸಂಖ್ಯೆಗಳನ್ನು ಓದಲು ಕಲಿತರೆ ಜಾಸ್ತಿ ಪ್ರಯೋಜನ. 22 ಅಂದರೆ ಡಿವೈಸ್ ಅನ್ನು ಯಾರೋ ನಿಲ್ಲಿಸಿದ್ದಾರೆ. 28 ಅಂದರೆ ಡ್ರೈವರ್ ಇಲ್ಲ. 10 ಅಂದರೆ ಡಿವೈಸ್ ಶುರುವಾಗುತ್ತಿಲ್ಲ, ಇಲ್ಲಿ ಡ್ರೈವರ್ ಮೇಲೂ ಹಾರ್ಡ್‌ವೇರ್ ಮೇಲೂ ಸಂಶಯ ಇಡಬೇಕು. ಯಾವ ಸಂಖ್ಯೆಯೂ ಇಲ್ಲ, ಹೆಸರೂ ಇಲ್ಲ ಅಂದರೆ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್‌ಗೆ) ಹೋಗಿ ಆನ್‌ಬೋರ್ಡ್ ಆಡಿಯೋ ಎನೇಬಲ್ ಇದೆಯಾ ನೋಡಿ.

ಡ್ರೈವರ್

ಇಲ್ಲಿಗೆ ಬರುವ ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದು ಅದಕ್ಕೆ ಸಮ ಅಲ್ಲ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಪದ್ಧತಿ ಇದೆ. ಅದು ಆನ್ ಆಗಿದ್ದರೆ ಶಟ್‌ಡೌನ್ ಹೊತ್ತಿಗೆ ವಿಂಡೋಸ್‌ನ ಒಳಭಾಗ ಡಿಸ್ಕ್‌ನಲ್ಲಿ ಉಳಿದು, ಮರುದಿನ ಅದೇ ಸ್ಥಿತಿಯಲ್ಲಿ ಎದ್ದೇಳುತ್ತದೆ. ಸಿಕ್ಕಿಬಿದ್ದ ಡ್ರೈವರ್ ಕೂಡ ಹಾಗೇ ಎದ್ದೇಳಬಹುದು. ರೀಸ್ಟಾರ್ಟ್‌ನಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಅಪ್‌ಡೇಟ್ ಆದ ಮೇಲೆ ಸೌಂಡ್ ಹೋಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೆಯದಕ್ಕೆ ಹೋಗಿ. ಆ ಗುಂಡಿ ಮಸುಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು: ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರ್‌ನಲ್ಲೇ ಹುಡುಕುವ ಆಯ್ಕೆ ತೆಗೆದುಕೊಂಡು, ಇರುವ ಡ್ರೈವರ್‌ಗಳ ಪಟ್ಟಿಯಿಂದ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಆರಿಸಿ. ಇದು ಮೈಕ್ರೋಸಾಫ್ಟ್‌ನ ಸಾದಾ ಡ್ರೈವರ್. ಇದರಲ್ಲಿ ಸೌಂಡ್ ಬಂದರೆ ಚಿಪ್ ಚೆನ್ನಾಗಿದೆ, ಕೆಟ್ಟಿದ್ದು ಕಂಪನಿಯ ಡ್ರೈವರ್ ಮಾತ್ರ. ಸರಿಯಾದ ಡ್ರೈವರ್ ಅನ್ನು ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಿಸಿದವರ ಸೈಟ್‌ನಿಂದಲೇ ತೆಗೆದುಕೊಳ್ಳಿ. ಇಂಟೆಲ್‌ನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ ಎಂಬ ಇನ್ನೊಂದು ಡ್ರೈವರ್ ನಡುವೆ ಕೂತಿರುತ್ತದೆ. ಅದಿಲ್ಲದೆ ರಿಯಲ್‌ಟೆಕ್ ಡ್ರೈವರ್ ಎಷ್ಟು ಸಲ ಹಾಕಿದರೂ ವ್ಯರ್ಥ. ಎಲ್ಲ ಡ್ರೈವರ್‌ಗಳನ್ನೂ ತಾನೇ ಸರಿಮಾಡುತ್ತೇನೆ ಅನ್ನುವ ಸಾಫ್ಟ್‌ವೇರ್‌ಗಳಿಂದ ದೂರ ಇರಿ. ಸುಮ್ನೆ ಹೊಸ ತೊಂದರೆ ತಂದುಕೊಂಡ ಹಾಗೆ.

ಪಿನ್, ಜ್ಯಾಕ್, ಸ್ಪೀಕರ್

ಡೆಸ್ಕ್‌ಟಾಪ್ ಹಿಂಭಾಗದಲ್ಲಿ ಸ್ಪೀಕರ್‌ಗೆ ಹಸಿರು, ಮೈಕ್‌ಗೆ ಗುಲಾಬಿ, ಹೊರಗಿನಿಂದ ಸೌಂಡ್ ಒಳಗೆ ತರಲು ನೀಲಿ. ಸ್ಪೀಕರ್‌ಗೆ ಸ್ವಂತ ಪವರ್ ಇದ್ದರೆ ಅದರ ದೀಪ ಹತ್ತಿದೆಯಾ, ಅದರ ಮೇಲಿನ ವಾಲ್ಯೂಮ್ ತಿರುವು ಎಲ್ಲಿದೆ ನೋಡಿ. ಇಷ್ಟು ಸಣ್ಣದನ್ನು ಬರೆಯಬೇಕಾ ಅನ್ನಿಸಬಹುದು, ಆದರೆ ಡ್ರೈವರ್ ಕಿತ್ತುಹಾಕುವ ಮೊದಲು ನೋಡಬೇಕಾದದ್ದು ಇದೇ ಅಲ್ವಾ? ಸ್ಪೀಕರ್ ಅನ್ನು ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ ನೋಡಿದರೆ ಅದು ಚೆನ್ನಾಗಿದೆಯಾ ಎಂದು ಒಂದೇ ಕ್ಷಣದಲ್ಲಿ ತಿಳಿಯುತ್ತದೆ.

ಹಾಡಿನ ವಾದ್ಯಗಳು ಕೇಳುತ್ತವೆ, ಹಾಡುವವರ ದನಿ ಮಾತ್ರ ಕೇಳುವುದಿಲ್ಲ ಅಂದರೆ ಪಿನ್ ಪೂರ್ತಿ ಒಳಗೆ ಹೋಗಿಲ್ಲ. ಎಡ ಬಲಗಳೆರಡಕ್ಕೂ ಸೇರಿದ ಗ್ರೌಂಡ್ ತಂತಿ ತಗುಲದಿದ್ದಾಗ ಎರಡೂ ಕಡೆ ಒಂದೇ ತೆರನಾಗಿರುವ ಸೌಂಡ್ ಅಳಿಸಿಹೋಗುತ್ತದೆ. ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಇಟ್ಟಿರುತ್ತಾರೆ, ಆದ್ದರಿಂದ ಅದೇ ಹೋಗುತ್ತದೆ. ಈ ಲಕ್ಷಣ ಕೇಳಿದ ಕೂಡಲೇ ಪಿನ್ ಒತ್ತಿ ನೋಡಿ.

ಡೆಸ್ಕ್‌ಟಾಪ್ ಮುಂಭಾಗದ ಜ್ಯಾಕ್‌ನಲ್ಲಿ ಸೌಂಡ್ ಇಲ್ಲ, ಹಿಂಭಾಗದ ಜ್ಯಾಕ್‌ನಲ್ಲಿ ಇದೆ ಅಂದರೆ ಕ್ಯಾಬಿನೆಟ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ಸಣ್ಣ ಕೇಬಲ್ ಕಳಚಿರಬಹುದು. ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಬಗೆ ಇದೆ. ಹೆಡ್‌ಫೋನ್‌ನಲ್ಲಿ ಕೇಳುತ್ತದೆ, ಕಿತ್ತರೂ ಸ್ಪೀಕರ್ ಸುಮ್ಮನಿರುತ್ತದೆ. ಪಿನ್ ಒಳಗಿದೆಯಾ ಎಂದು ಗುರುತಿಸುವ ಸ್ವಿಚ್ ಜ್ಯಾಕ್ ಒಳಗೆ ಇರುತ್ತದೆ. ಅದು ಧೂಳಿನಿಂದಲೋ ಸವೆತದಿಂದಲೋ ಸಿಕ್ಕಿಕೊಂಡರೆ ಹೆಡ್‌ಫೋನ್ ಇನ್ನೂ ಇದೆ ಎಂದೇ ಲ್ಯಾಪ್‌ಟಾಪ್ ನಂಬುತ್ತದೆ. ಪಿನ್ ಅನ್ನು ಮೆಲ್ಲಗೆ ಕೆಲವು ಸಲ ಹಾಕಿ ತೆಗೆದರೆ ಬಿಡುವುದುಂಟು. ಸೂಜಿ, ತಂತಿ ಒಳಗೆ ಹಾಕಬೇಡಿ.

ಬ್ಲೂಟೂತ್ ಹೆಡ್‌ಸೆಟ್‌ಗೆ ಎರಡು ನಡೆಗಳಿವೆ. ಹಾಡಿಗೆ ಸ್ಟೀರಿಯೋ, ಕರೆಗೆ ಹ್ಯಾಂಡ್ಸ್‌ಫ್ರೀ. ವಿಂಡೋಸ್ 10ರಲ್ಲಿ ಇವು ಎರಡು ಬೇರೆ ಡಿವೈಸ್‌ಗಳಾಗಿ ಕಾಣುತ್ತವೆ. ಯಾವುದಾದರೂ ಆ್ಯಪ್ ಮೈಕ್ ಹಿಡಿದುಕೊಂಡಿದ್ದರೆ ಹ್ಯಾಂಡ್ಸ್‌ಫ್ರೀ ಮೇಲೆ ಬರುತ್ತದೆ, ಸ್ಟೀರಿಯೋ ಮೌನವಾಗುತ್ತದೆ. ಆ ಆ್ಯಪ್ ಮುಚ್ಚಿ ನೋಡಿ.

ಲಿನಕ್ಸ್ ಬಳಸುವವರಿಗೆ ಎರಡು ಮಾತು. ಹಸಿರು ಪಟ್ಟಿಯ ಕೆಲಸವನ್ನು ಅಲ್ಲಿ ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ಎಂಬ ಆ್ಯಪ್ ಮಾಡುತ್ತದೆ. ಪೈಪ್‌ವೈರ್ ಎಂಬ ಹೊಸ ಸೌಂಡ್ ವ್ಯವಸ್ಥೆ ಇದ್ದರೂ ಅದು ನಡೆಯುತ್ತದೆ. ಅಲ್ಲಿ ಪಟ್ಟಿ ಕುಣಿದರೂ ಸೌಂಡ್ ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆಯಿರಿ. ಯಾವುದಾದರೂ ಕಂಬದ ಕೆಳಗೆ ಎರಡು ಎಂ ಅಕ್ಷರ ಕಂಡರೆ ಅದು ಮ್ಯೂಟ್ ಆಗಿದೆ. ಎಂ ಕೀ ಒತ್ತಿ ತೆಗೆಯಿರಿ.

ವಿಂಡೋಸ್ ಬಳಸುವವರಿಗೂ ಲಿನಕ್ಸ್ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ತಪ್ಪು ಸಾಫ್ಟ್‌ವೇರ್‌ದಾ ಹಾರ್ಡ್‌ವೇರ್‌ದಾ ಎಂದು ಕೊನೆಗೂ ತೀರ್ಮಾನ ಆಗದಿದ್ದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಅನ್ನು ಇನ್‌ಸ್ಟಾಲ್ ಮಾಡದೆ ಓಡಿಸಿ, ಒಂದು ಹಾಡು ಹಾಕಿ. ಅಲ್ಲಿ ಕೇಳಿಸಿದರೆ ನಿಮ್ಮ ಹಾರ್ಡ್‌ವೇರ್ ನಿರಪರಾಧಿ, ವಿಂಡೋಸ್‌ಗೆ ವಾಪಸ್ ಹೋಗಿ ಡ್ರೈವರ್ ನೋಡಿ. ಅಲ್ಲೂ ಇಲ್ಲದಿದ್ದರೆ, ಸ್ಪೀಕರ್ ಚೆನ್ನಾಗಿದೆ ಎಂದು ಮೊದಲೇ ಗೊತ್ತಿದ್ದರೆ, ಚಿಪ್ ಅಥವಾ ಜ್ಯಾಕ್ ಹೋಗಿರುವ ಸಾಧ್ಯತೆ ಜಾಸ್ತಿ. ಆದರೂ ಕಂಪ್ಯೂಟರ್ ಎಸೆಯಬೇಕಿಲ್ಲ. ಯುಎಸ್‌ಬಿ ಸೌಂಡ್ ಅಡಾಪ್ಟರ್ ಸಿಕ್ಕಿಸಿದರೆ ಅದರೊಳಗಿನ ಚಿಪ್ ಈ ಕೆಲಸವನ್ನು ವಹಿಸಿಕೊಳ್ಳುತ್ತದೆ. ಹೆಚ್ಚಿನವಕ್ಕೆ ಬೇರೆ ಡ್ರೈವರ್ ಕೂಡ ಬೇಡ. ಹಳೆಯ ಚಿಪ್ ಮತ್ತೆ ಡಿಫಾಲ್ಟ್ ಆಗಿ ನುಸುಳದಂತೆ ಅದನ್ನು ಬಯಾಸ್‌ನಲ್ಲೋ ಡಿವೈಸ್ ಮ್ಯಾನೇಜರ್‌ನಲ್ಲೋ ಡಿಸೇಬಲ್ ಮಾಡಿಡಿ.