ಹನುಕ್ಕಾ ದೀಪದ ಲೆಕ್ಕ: ಮುಂಬೈ ಸಿನಗಾಗ್‌ಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಧರ್ಮಗಳ ತೌಲನಿಕ ಅಧ್ಯಯನಕ್ಕೆ ಓದುತ್ತಿರುವವರಿಗೆ ಈ ಟಿಪ್ಪಣಿ. ಹನುಕ್ಕಾ ಅಂದರೆ ಯಹೂದಿಗಳ ಚಳಿಗಾಲದ ಎಂಟು ದಿನದ ದೀಪದ ಹಬ್ಬ. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ಕಷ್ಟ ಶುರುವಾಗುವುದು ದೀಪ ಹಚ್ಚುವ ಕ್ರಮದಲ್ಲಿ. ನನಗೆ ಸುಸ್ತು ಮಾಡಿದ್ದೂ ಅದೇ. ಹಾಗಾಗಿ ಅದನ್ನೇ ಜಾಸ್ತಿ ಬರೆದಿದ್ದೇನೆ.

ಕತೆ, ಬೇಗ ಮುಗಿಸೋಣ

ಕ್ರಿ.ಪೂ. 167ರಲ್ಲಿ ಸಿರಿಯಾ ಕಡೆ ಆಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಸಿಡ್ ಮನೆತನದ ರಾಜ ನಾಲ್ಕನೇ ಆಂಟಿಯೋಕಸ್ ಜೆರುಸಲೇಮಿನ ದೇವಾಲಯದಲ್ಲಿ ಯಹೂದಿ ಪೂಜೆ ನಿಲ್ಲಿಸಿ ಅದನ್ನು ಮೈಲಿಗೆ ಮಾಡಿದ. ಜೂದಾ ಮಕ್ಕಬಿ ಮತ್ತು ಅವನ ಅಣ್ಣತಮ್ಮಂದಿರು ದಂಗೆ ಎದ್ದು ಊರನ್ನು ವಾಪಸ್ ಗೆದ್ದರು. ಕ್ರಿ.ಪೂ. 164ರಲ್ಲಿ ಯಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 25ರಂದು ದೇವಾಲಯವನ್ನು ಮತ್ತೆ ಶುದ್ಧ ಮಾಡಿದರು.

ಇಲ್ಲಿ ಎರಡು ಕತೆಗಳಿವೆ, ಬೆರೆಸಬೇಡಿ. ಮಕ್ಕಬಿಯರ ಗ್ರಂಥಗಳಲ್ಲಿ ಯುದ್ಧ ಇದೆ, ಎಂಟು ದಿನದ ಉತ್ಸವ ಇದೆ, ಎಣ್ಣೆಯ ಪವಾಡ ಇಲ್ಲ. ಮಹಾಯಾಜಕನ ಮುದ್ರೆ ಇದ್ದ ಒಂದೇ ಒಂದು ಕುಡಿಕೆ ಎಣ್ಣೆ, ಒಂದು ದಿನಕ್ಕಾಗುವಷ್ಟು ಮಾತ್ರ ಇದ್ದದ್ದು ಎಂಟು ದಿನ ಉರಿಯಿತು ಅನ್ನುವ ಕತೆ ಬರುವುದು ತುಂಬಾ ಆಮೇಲೆ, ರಬ್ಬಿಗಳ (ಯಹೂದಿ ಧರ್ಮಗುರುಗಳ) ಚರ್ಚೆಗಳ ಸಂಗ್ರಹ ತಾಲ್ಮೂದ್‌ನಲ್ಲಿ. ಮಕ್ಕಬಿಯರ ಗ್ರಂಥಗಳು ಹೀಬ್ರೂ ಬೈಬಲ್‌ನ ಭಾಗವೂ ಅಲ್ಲ. ಆದ್ದರಿಂದ ಹನುಕ್ಕಾ ತೋರಾದಲ್ಲಿ, ಅಂದರೆ ಹೀಬ್ರೂ ಬೈಬಲ್‌ನ ಮೊದಲ ಐದು ಗ್ರಂಥಗಳಲ್ಲಿ, ವಿಧಿಸಿದ ಹಬ್ಬ ಅಲ್ಲ, ರಬ್ಬಿಗಳು ನಿಗದಿ ಮಾಡಿದ್ದು. ಕೆಲಸ ನಿಲ್ಲಿಸಬೇಕು ಅನ್ನುವ ಕಟ್ಟುಪಾಡಿಲ್ಲ. ಅಂಗಡಿ, ಆಫೀಸು, ಶಾಲೆ ಎಲ್ಲ ನಡೆಯುತ್ತದೆ. ಸಂಜೆ ದೀಪ ಹಚ್ಚಿದರೆ ಆಯಿತು.

ಹೊಸದು ಮೊದಲು

ಮೊದಲು ದೀಪದ ಆಕಾರ. ದೇವಾಲಯದಲ್ಲಿದ್ದ ದೀಪಸ್ತಂಭ ಮೆನೋರಾಕ್ಕೆ ಏಳು ಕವಲು. ಹನುಕ್ಕಾ ದೀಪಕ್ಕೆ, ಅಂದರೆ ಹನುಕ್ಕಿಯಾಗೆ, ಎಂಟು. ಜೊತೆಗೆ ಒಂಬತ್ತನೆಯದು ಶಮಾಶ್, ಸೇವಕ ದೀಪ. ಅದು ಉಳಿದವುಗಳ ಸಾಲಿನಲ್ಲಿ ಇರುವುದಿಲ್ಲ, ಸ್ವಲ್ಪ ಎತ್ತರದಲ್ಲೋ ಪಕ್ಕಕ್ಕೋ ಇರುತ್ತದೆ.

ಶಮಾಶ್ ಯಾಕೆ ಬೇಕು? ಹನುಕ್ಕಾ ದೀಪದ ಬೆಳಕನ್ನು ಬಳಸುವ ಹಾಗಿಲ್ಲ. ಅದರ ಬೆಳಕಲ್ಲಿ ಓದಬಾರದು, ಹೊಲಿಯಬಾರದು, ದುಡ್ಡು ಎಣಿಸಬಾರದು. ನೋಡಬಹುದು, ಅಷ್ಟೇ. ಪಕ್ಕದಲ್ಲಿ ಇನ್ನೊಂದು ದೀಪ ಇದ್ದರೆ, ಅಪ್ಪಿತಪ್ಪಿ ಏನಾದರೂ ಮಾಡಿದರೂ ಬಳಸಿದ್ದು ಶಮಾಶ್ ಬೆಳಕು ಎಂದಾಗುತ್ತದೆ. ದೀಪ ಉರಿಯುವ ಮೊದಲ ಅರ್ಧ ಗಂಟೆ ಹೆಂಗಸರು ಮನೆಗೆಲಸ ಮುಟ್ಟದೆ ಕೂರುವ ರೂಢಿಯೂ ಇದೆ. ಹನುಕ್ಕಾವನ್ನು ‘ಯಹೂದಿಗಳ ದೀಪಾವಳಿ’ ಎಂದು ಬರೆದು ಮುಗಿಸುವವರು ಈ ನಿಯಮವನ್ನೇ ಬಿಟ್ಟುಬಿಡುತ್ತಾರೆ. ಆ ಹೆಸರಿನಿಂದ ನನಗೆ ಅರ್ಥ ಆಗಿದ್ದಕ್ಕಿಂತ ಗೊಂದಲ ಆಗಿದ್ದೇ ಜಾಸ್ತಿ.

ಈಗ ಕ್ರಮ. ಮೊದಲ ರಾತ್ರಿ ಒಂದು ದೀಪ, ಎರಡನೇ ರಾತ್ರಿ ಎರಡು, ಹೀಗೆ ಎಂಟರವರೆಗೆ. ದೀಪ ಇಡುವುದು ಬಲದಿಂದ ಎಡಕ್ಕೆ. ಹಚ್ಚುವುದು ಎಡದಿಂದ ಬಲಕ್ಕೆ. ಈ ಎರಡು ವಾಕ್ಯ ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ನಿಧಾನಕ್ಕೆ ಬಿಡಿಸೋಣ.

ಹನುಕ್ಕಿಯಾ ಎದುರು ನೀವು ನಿಂತಿದ್ದೀರಿ ಅಂದುಕೊಳ್ಳಿ. ನಿಮ್ಮ ಬಲಗೈ ಕಡೆಯ ತುದಿಯ ಜಾಗಕ್ಕೆ 1 ಎಂದು ಹೆಸರಿಡಿ. ಅದರ ಎಡಕ್ಕೆ 2, ಅದರ ಎಡಕ್ಕೆ 3. ಎಡತುದಿಯದು 8. ಹೀಬ್ರೂ ಬರೆಯುವುದೂ ಬಲದಿಂದಲೇ, ಹಾಗೆ ನೆನಪಿಟ್ಟುಕೊಂಡರೆ ಸುಲಭ.

ಮೊದಲ ರಾತ್ರಿ: 1ರಲ್ಲಿ ಎಣ್ಣೆ ಬತ್ತಿ. ಹಚ್ಚುವುದು 1.
ಎರಡನೇ ರಾತ್ರಿ: 1, 2ರಲ್ಲಿ ಎಣ್ಣೆ ಬತ್ತಿ. ಹಚ್ಚುವುದು 2, ಆಮೇಲೆ 1.
ಮೂರನೇ ರಾತ್ರಿ: 1, 2, 3 ಸಿದ್ಧ. ಹಚ್ಚುವುದು 3, 2, 1.

ಅಂದರೆ ಆವತ್ತು ಹೊಸದಾಗಿ ಸೇರಿದ ಜಾಗಕ್ಕೆ ಮೊದಲ ಬೆಂಕಿ. ಅಲ್ಲಿಂದ ಕೈ ಬಲಕ್ಕೆ ಸರಿಯುತ್ತಾ ಹಳೆಯ ಜಾಗಗಳ ಕಡೆ ಹೋಗುತ್ತದೆ. ‘ಹೊಸದು ಮೊದಲು’ ಎಂದು ಎರಡೇ ಪದ ಬರೆದಿಟ್ಟುಕೊಳ್ಳಿ. ಬಲ ಎಡ ಎರಡೂ ತಾನಾಗಿ ಸರಿಹೋಗುತ್ತವೆ. ಕಾರಣವೂ ಅದರಲ್ಲೇ ಇದೆ: ಪವಾಡ ಆವತ್ತಿಗೆ ಇನ್ನೊಂದು ದಿನ ಮುಂದುವರಿಯಿತು ಎಂದು ಹೇಳುವುದು ಆ ಹೊಸ ದೀಪವೇ.

ಒಂದು ಮಾತು ಇಲ್ಲಿ ಸೇರಿಸಬೇಕು. ಹಳೆಯ ಜಾಗ ಅಂದೆ, ಹಳೆಯ ದೀಪ ಅನ್ನಲಿಲ್ಲ. ನಿನ್ನೆ ಹಚ್ಚಿದ್ದು ನಿನ್ನೆಯೇ ಉರಿದು ಮುಗಿಯಿತು. ಇವತ್ತಿನ ಅಷ್ಟೂ ಇವತ್ತೇ ಹೊಸದಾಗಿ ಹಚ್ಚಿದ್ದು. ಇದು ಗೊತ್ತಾದರೆ ಮೋಂಬತ್ತಿ ಲೆಕ್ಕ ಸಲೀಸು. 1ರಿಂದ 8ರವರೆಗೆ ಕೂಡಿದರೆ 36. ಪ್ರತಿ ರಾತ್ರಿ ಒಂದು ಶಮಾಶ್, ಅದು 8. ಒಟ್ಟು 44. ಅಂಗಡಿಯಲ್ಲಿ ಸಿಗುವ ಹನುಕ್ಕಾ ಮೋಂಬತ್ತಿ ಡಬ್ಬಿಯಲ್ಲಿ 44 ಇರುವುದು ಇದಕ್ಕೇ.

ಇದಕ್ಕೆ ತಿರುಗಾ ಲೆಕ್ಕ ಹೇಳಿದವರೂ ಇದ್ದರು. ಹಳೆಯ ಕಾಲದ ಯಹೂದಿ ಗುರು ಶಮ್ಮಾಯ್ ಪಂಥದವರು ಎಂಟರಿಂದ ಶುರುಮಾಡಿ ಒಂದಕ್ಕೆ ಇಳಿಯಿರಿ ಅಂದರು. ಇನ್ನೊಬ್ಬ ಗುರು ಹಿಲ್ಲೇಲ್ ಪಂಥದವರು ಒಂದರಿಂದ ಏರಿಸಿ ಅಂದರು. ಪವಿತ್ರವಾದದ್ದರಲ್ಲಿ ಮೇಲಕ್ಕೆ ಹೋಗಬೇಕು, ಕೆಳಕ್ಕೆ ಇಳಿಯಬಾರದು ಅನ್ನುವುದು ಅವರ ವಾದ. ನಿಂತದ್ದು ಹಿಲ್ಲೇಲ್ ಮಾತು. ಹೇಗೆ ಮಾಡಿದರೂ ಕೂಡಿದಾಗ 36 ಅಂತೂ ಬದಲಾಗಲ್ಲ, ಅಲ್ವಾ? ಜಗಳ ಎಣ್ಣೆ ಖರ್ಚಿನದಲ್ಲ.

ಶುಕ್ರವಾರ ಬಂದರೆ

ಎಂಟು ದಿನದಲ್ಲಿ ಒಂದಾದರೂ ಶಬ್ಬತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿ ದಿನ, ಬಂದೇ ಬರುತ್ತದೆ. ಶಬ್ಬತ್‌ನಲ್ಲಿ ಬೆಂಕಿ ಹೊತ್ತಿಸುವ ಹಾಗಿಲ್ಲ. ಯಹೂದಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ಶುಕ್ರವಾರ ಸಂಜೆ ಹೊತ್ತು ಮುಳುಗುವ ಮೊದಲೇ ಹನುಕ್ಕಾ ದೀಪ ಹಚ್ಚಬೇಕು, ಆಮೇಲೆ ಶಬ್ಬತ್ ದೀಪ. ಉಲ್ಟಾ ಮಾಡುವ ಹಾಗಿಲ್ಲ. ಶಬ್ಬತ್ ದೀಪ ಹಚ್ಚಿದವರಿಗೆ ಶಬ್ಬತ್ ಶುರುವಾಯಿತು ಎಂದೇ ಲೆಕ್ಕ.

ಇನ್ನೊಂದು ತೊಡಕು. ಕತ್ತಲಾದ ಮೇಲೂ ಅರ್ಧ ಗಂಟೆ ದೀಪ ಉರಿಯಬೇಕು. ಶುಕ್ರವಾರ ಬೇಗ ಹಚ್ಚುವುದರಿಂದ ಎಣ್ಣೆ ಜಾಸ್ತಿ ಹಾಕಬೇಕು. ಡಬ್ಬಿಯ ಸಣ್ಣ ಮೋಂಬತ್ತಿ ಆವತ್ತು ಸಾಲುವುದಿಲ್ಲ. ಶನಿವಾರ ರಾತ್ರಿ ಶಬ್ಬತ್ ಮುಗಿದ ಮೇಲೆ ಹಚ್ಚುವುದು. ಶಬ್ಬತ್ ಕಳಿಸಿಕೊಡುವ ಹವ್ದಾಲಾ ಮೊದಲೋ, ಹನುಕ್ಕಾ ದೀಪ ಮೊದಲೋ? ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಹನುಕ್ಕಾ ಮೊದಲು. ಮನೆಗಳಲ್ಲಿ ಎರಡೂ ರೂಢಿ ಇದೆ.

ಸಿನಗಾಗ್ ಒಳಗೆ, ದಕ್ಷಿಣದ ಗೋಡೆ

ಸಿನಗಾಗ್‌ನಲ್ಲಿ ದೀಪ ಹಚ್ಚುವುದು ಸಂಜೆಯ ಮಿನ್ಹಾ ಪ್ರಾರ್ಥನೆಗೂ ರಾತ್ರಿಯ ಮಾರಿವ್‌ಗೂ ನಡುವೆ, ಜನ ಸೇರಿರುವಾಗ. ಅಲ್ಲಿ ಹಚ್ಚಿದ್ದನ್ನು ನೋಡಿದರೆ ಮನೆಯ ದೀಪದ ಕರ್ತವ್ಯ ಮುಗಿಯುವುದಿಲ್ಲ. ಹಚ್ಚಿದ ಹಜ್ಜಾನ್ (ಪ್ರಾರ್ಥನೆ ನಡೆಸುವವನು) ಕೂಡ ಮನೆಗೆ ಹೋಗಿ ಮತ್ತೆ ಹಚ್ಚಬೇಕು.

ದೀಪ ಇಡುವುದು ದಕ್ಷಿಣದ ಗೋಡೆಯ ಕಡೆ, ಯಾಕೆಂದರೆ ದೇವಾಲಯದ ಮೆನೋರಾ ದಕ್ಷಿಣ ಭಾಗದಲ್ಲಿತ್ತು. ಪಠ್ಯಪುಸ್ತಕಗಳು ಇದನ್ನು ‘ತೋರಾ ಪೆಟ್ಟಿಗೆಯ ಬಲಕ್ಕೆ’ (ತೋರಾ ಸುರುಳಿ ಇಡುವ ಪೆಟ್ಟಿಗೆ) ಅಂತ ಸುಮ್ನೆ ಹೇಳಿಬಿಡುತ್ತವೆ. ಅದು ಯುರೋಪಿನ ಲೆಕ್ಕ. ಪ್ರಾರ್ಥನೆ ಜೆರುಸಲೇಮ್ ಕಡೆ ಮುಖ ಮಾಡಿ. ಯುರೋಪಿನವರಿಗೆ ಅದು ಪೂರ್ವ, ಆದ್ದರಿಂದ ದಕ್ಷಿಣ ಅವರ ಬಲಕ್ಕೆ. ಭಾರತದಲ್ಲಿ ಪೆಟ್ಟಿಗೆ ಇರುವುದು ಪಶ್ಚಿಮದಲ್ಲಿ. ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ದಕ್ಷಿಣ ಎಡಕ್ಕೆ ಬರುತ್ತದೆ. ಮುಂಬೈ, ಕೊಚ್ಚಿ ಬಗ್ಗೆ ಉತ್ತರ ಬರೆಯುವಾಗ ಬಲ, ಎಡ ಬಿಟ್ಟು ದಕ್ಷಿಣ ಎಂದೇ ಬರೆಯಿರಿ.

ಪ್ರಾರ್ಥನೆಯಲ್ಲಿ ಏನೇನು ಬದಲಾಗುತ್ತದೆ? ಎಂಟೂ ದಿನ ಪೂರ್ತಿ ಹಲ್ಲೇಲ್, ಅಂದರೆ ಕೀರ್ತನೆ 113ರಿಂದ 118. ಪವಾಡಗಳಿಗೆ ಕೃತಜ್ಞತೆ ಹೇಳುವ ಅಲ್ ಹನಿಸ್ಸೀಮ್. ಬೆಳಿಗ್ಗೆ ದಿನಾ ತೋರಾ ಓದು, ಅರಣ್ಯಕಾಂಡದ 7ನೇ ಅಧ್ಯಾಯದಿಂದ. ಅದರಲ್ಲಿ ಹನ್ನೆರಡು ಕುಲಗಳ ಮುಖ್ಯಸ್ಥರು ದಿನಕ್ಕೊಬ್ಬರಂತೆ ಕಾಣಿಕೆ ತರುತ್ತಾರೆ. ಹನ್ನೆರಡೂ ಜನ ತರುವುದು ಒಂದೇ ಪಟ್ಟಿ, ಪ್ರತಿ ಸಲ ಪೂರ್ತಿ ಬರೆದಿದ್ದಾರೆ. ಓದಿ ಸಾಕಾಗುತ್ತದೆ, ಆದರೆ ಎಂಟನೇ ದಿನ ಉಳಿದದ್ದೆಲ್ಲ ಮುಗಿಸಿ ಓದು ಮೆನೋರಾ ಹಚ್ಚುವ ಆಜ್ಞೆಗೆ ಬಂದು ನಿಲ್ಲುತ್ತದೆ. ಆಗ ಈ ಭಾಗ ಯಾಕೆ ಆರಿಸಿದರು ಎಂದು ಗೊತ್ತಾಗುತ್ತದೆ.

ತಾರೀಖು ಓಡಾಡುವುದಕ್ಕೆ ಕಾರಣ ನಮಗೆ ಹೊಸದಲ್ಲ. ಚಾಂದ್ರಮಾನ ತಿಂಗಳು, 19 ವರ್ಷಕ್ಕೆ 7 ಅಧಿಕ ಮಾಸ. ವ್ಯತ್ಯಾಸ ಇಷ್ಟೇ, ಅವರ ಅಧಿಕ ಮಾಸ ಯಾವಾಗಲೂ ಅದಾರ್ ತಿಂಗಳ ಹತ್ತಿರವೇ. ಕಿಸ್ಲೇವ್ 25ರಿಂದ ಎಂಟು ದಿನ ಅಂದರೆ ನಡುವೆ ಅಮಾವಾಸ್ಯೆ ದಾಟಲೇಬೇಕು. ಹಾಗಾಗಿ ಹೊಸ ತಿಂಗಳ ಆಚರಣೆ ರೋಶ್ ಹೋದೆಶ್ ಪ್ರತಿ ವರ್ಷ ಹನುಕ್ಕಾದ ಒಳಗೇ ಬೀಳುತ್ತದೆ. ಅದರ ಮೇಲೆ ಶಬ್ಬತ್ ಕೂಡ ಅದೇ ದಿನ ಬಂದರೆ ಮೂರು ತೋರಾ ಸುರುಳಿ ಹೊರತೆಗೆಯಬೇಕು: ವಾರದ ಓದಿಗೆ ಒಂದು, ಹೊಸ ತಿಂಗಳಿಗೆ ಒಂದು, ಹನುಕ್ಕಾಗೆ ಒಂದು. 2025ರ ಡಿಸೆಂಬರ್ 20 ಅಂಥ ಶನಿವಾರ.

ಎಣ್ಣೆ ಗಾಣದವರಿಗೆ ಗೊತ್ತಿಲ್ಲದ ಎಣ್ಣೆ ಹಬ್ಬ

ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳನ್ನು ಊರವರು ಶನಿವಾರ ತೇಲಿ ಎಂದು ಕರೆಯುತ್ತಿದ್ದರು. ಗಾಣದಿಂದ ಎಣ್ಣೆ ತೆಗೆಯುವ ಕೆಲಸ, ಶನಿವಾರ ಗಾಣ ಬಂದ್. ಶಬ್ಬತ್ ಇತ್ತು, ಸುನ್ನತಿ ಇತ್ತು, ಶೆಮಾ ಪ್ರಾರ್ಥನೆ ಇತ್ತು. ಹನುಕ್ಕಾ ಮಾತ್ರ ಇರಲಿಲ್ಲ. ಕೊಚ್ಚಿಯಿಂದ ಬಂದ ಯಹೂದಿ ಗುರುಗಳು ಕಲಿಸಿದ ಮೇಲೆ ಉಳಿದ ಲೋಕದ ಯಹೂದಿ ಆಚರಣೆಗಳು ಸೇರಿಕೊಂಡವು.

ಇದನ್ನೇ ಹಿಡಿದು, ಇವರ ಪೂರ್ವಜರು ಮಕ್ಕಬಿ ದಂಗೆಗೂ ಮೊದಲೇ ಹೊರಟು ನವಗಾಂವ್ ಹತ್ತಿರ ಹಡಗು ಒಡೆದು ದಡ ಸೇರಿದರು ಎಂದು ವಾದಿಸುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಸಾಕ್ಷ್ಯ ತೆಳು. ನೂರಾರು ವರ್ಷ ಒಂಟಿಯಾಗಿ ಬದುಕಿದ ಸಮುದಾಯ ಒಂದು ಸಣ್ಣ ಹಬ್ಬವನ್ನು ಮರೆತಿರಲೂಬಹುದು. ಪರೀಕ್ಷೆಯಲ್ಲಿ ‘ಪರಂಪರೆಯ ಪ್ರಕಾರ’ ಎಂದು ಸೇರಿಸಿ ಬರೆಯಿರಿ.

ಕರ್ನಾಟಕದ ನಂಟು ಇಲ್ಲೇ ಬರುತ್ತದೆ. ಮುಂಬೈಯ ಮೊದಲ ಸಿನಗಾಗ್ ಶಾರ್ ಹರಹಮೀಮ್, 1796ರದ್ದು, ಮಾಂಡ್ವಿಯಲ್ಲಿದೆ. ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜಿಕಿಯೆಲ್ ದಿವೇಕರ್, ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ್ದರು. ನೀವು ಯಾವ ಜನ ಎಂದು ಕೇಳಿದಾಗ ಬೆನೆ ಇಸ್ರೇಲ್ ಎಂದರಂತೆ. ಕುರಾನ್‌ನಲ್ಲಿ ಹೆಸರು ಬರುವ ಜನ ಇವರು ಎಂದು ಟಿಪ್ಪುವಿನ ತಾಯಿ ಪ್ರಾಣ ಉಳಿಸಿದರು ಅಂತ ಸಮುದಾಯದವರು ಹೇಳುತ್ತಾರೆ. ಬದುಕಿ ಬಂದರೆ ಸಿನಗಾಗ್ ಕಟ್ಟುತ್ತೇನೆ ಅನ್ನುವ ಹರಕೆ ಅದು. ಆ ರಸ್ತೆ ಈಗಲೂ ಸ್ಯಾಮ್ಯುಯೆಲ್ ಸ್ಟ್ರೀಟ್. ದಿವೇಕರ್, ಪೇಣ್ಕರ್, ಕೆಹಿಮ್ಕರ್ ಅಂತ ಅಡ್ಡಹೆಸರುಗಳೆಲ್ಲ ಕೊಂಕಣದ ಊರಿನವು.

ಬಾಗ್ದಾದ್ ಕಡೆಯಿಂದ ಬಂದು ನೆಲೆಸಿದ ಬಾಗ್ದಾದಿ ಯಹೂದಿಗಳ ಸಿನಗಾಗ್‌ಗಳು ಬೇರೆ. ಬೈಕುಲಾದ ಮಾಗೆನ್ ಡೇವಿಡ್ (1861), ಕಾಲಾ ಘೋಡಾ ಹತ್ತಿರದ ಕೆನೆಸೆತ್ ಎಲಿಯಾಹೂ (1884), ಎರಡೂ ಸಸೂನ್ ಮನೆತನ ಕಟ್ಟಿಸಿದ್ದು.

ಇಂದಿನ ಕಷ್ಟ ಎಣ್ಣೆಯದಲ್ಲ, ಜನರದ್ದು. ಸಾಮೂಹಿಕ ಪ್ರಾರ್ಥನೆಗೆ ಹತ್ತು ವಯಸ್ಕ ಗಂಡಸರ ಮಿನ್ಯಾನ್ ಬೇಕು. 1948ರ ನಂತರ ಬಹಳ ಮಂದಿ ಇಸ್ರೇಲ್‌ಗೆ ಹೋದರು. ಹತ್ತನೆಯವನು ಬರಲಿ ಎಂದು ಕಾಯುವ ಸಿನಗಾಗ್‌ಗಳಿವೆ. ಹನುಕ್ಕಾ ಸಂಜೆ ಮಕ್ಕಳು ಮರಿ ಸಮೇತ ಬರುವುದರಿಂದ ಆ ಎಂಟು ದಿನ ಪರವಾಗಿಲ್ಲ. ಗೇಟ್‌ವೇ ಆಫ್ ಇಂಡಿಯಾ ಎದುರು ದೊಡ್ಡ ಹನುಕ್ಕಿಯಾ ಹಚ್ಚುವುದೂ ಇದೆ.

ತಿಂಡಿ, ಎರಡೇ ಸಾಲು

ಎಣ್ಣೆಯ ನೆನಪಿಗೆ ಕರಿದದ್ದು. ಪೂರ್ವ ಯುರೋಪಿನವರಿಗೆ ಆಲೂಗಡ್ಡೆ ಲಾಟ್ಕೆ, ಇಸ್ರೇಲ್‌ನಲ್ಲಿ ಜ್ಯಾಮ್ ತುಂಬಿದ ಸುಫ್ಗಾನಿಯಾ, ಕೊಚ್ಚಿಯವರಿಗೆ ನೆಯ್ಯಪ್ಪಂ, ಮುಂಬೈಯಲ್ಲಿ ಗುಲಾಬ್ ಜಾಮೂನ್ ಕೂಡ ನಡೆಯುತ್ತದೆ. ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ ಕಲಸಿ ಸುತ್ತ ಹಣ್ಣಿಟ್ಟು ಮಾಡುವ ಮಲಿದಾ ಹನುಕ್ಕಾದ್ದಲ್ಲ. ಅದು ಎಲಿಯಾಹು ಹನಾಬಿಗೆ, ಅಂದರೆ ಪ್ರವಾದಿ ಎಲೀಯನಿಗೆ, ಹರಕೆ ಒಪ್ಪಿಸುವಾಗ ಮಾಡುವುದು. ಚಳಿಗಾಲದ ಇನ್ನೊಂದು ಹಬ್ಬ ತು ಬಿಶ್ವಾತ್‌ಗೆ ಜನ ಅಲಿಬಾಗ್ ಹತ್ತಿರದ ಖಂಡಾಲಾಗೆ ಹೋಗುತ್ತಾರೆ. ಎಲೀಯನ ರಥ ಅಲ್ಲಿಂದ ಮೇಲಕ್ಕೆ ಹೋಯಿತು ಎಂದು ನಂಬುವ ಬಂಡೆ ಅಲ್ಲಿದೆ. ಮಲಿದಾ ಆಗ ಇದ್ದೇ ಇರುತ್ತದೆ.

ಮಾಡಿ ನೋಡಿ

2026ರ ಹನುಕ್ಕಾ ಡಿಸೆಂಬರ್ 4, ಶುಕ್ರವಾರ ಸಂಜೆ ಶುರು. ಡಿಸೆಂಬರ್ 12, ಶನಿವಾರ ಸಂಜೆ ಮುಗಿಯುತ್ತದೆ. ಪ್ರಶ್ನೆ: ಎಷ್ಟು ಶುಕ್ರವಾರ? 12ರ ಶನಿವಾರ ರಾತ್ರಿ ಎಷ್ಟು ದೀಪ?

ಶುಕ್ರವಾರ ಎರಡು. 4ರಂದು ಒಂದು ದೀಪ, 11ರಂದು ಎಂಟು. ಎರಡೂ ಸಲ ಸೂರ್ಯ ಮುಳುಗುವ ಮೊದಲೇ ಹಚ್ಚಬೇಕು, ಶಬ್ಬತ್ ದೀಪಕ್ಕೂ ಮುಂಚೆ. 12ರ ರಾತ್ರಿ ಸೊನ್ನೆ, ಯಾಕೆಂದರೆ ಎಂಟನೇ ದಿನ ಆ ಸಂಜೆಗೇ ಮುಗಿಯಿತು. ಹೊಸ ತಿಂಗಳು 10 ಮತ್ತು 11ರಂದು, ಗುರುವಾರ ಶುಕ್ರವಾರ. ಶಬ್ಬತ್ ಜೊತೆ ಸೇರಲಿಲ್ಲ. ಹಾಗಾಗಿ ಆ ವರ್ಷ ಮೂರು ಸುರುಳಿ ತೆಗೆಯುವ ದಿನವೇ ಇಲ್ಲ.