ಮುದ್ರಿತ ಹೃದಯವೂ ಅದನ್ನು ಓದುವ ಕಲಿಕೆಯೂ

ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿ ಎರಡೂ ಬಲ ಹೃತ್ಕುಕ್ಷಿಯಿಂದಲೇ (ಹೃದಯದ ಬಲಗಡೆಯ ಕೆಳಕೋಣೆಯಿಂದಲೇ) ಹೊರಡುವ ಒಂದು ಜನ್ಮಜಾತ ಹೃದ್ರೋಗವಿದೆ. ಇಂತಹ ಹೃದಯದಲ್ಲಿ ಎಡ ಹೃತ್ಕುಕ್ಷಿಯ ಶುದ್ಧ ರಕ್ತಕ್ಕೆ ಸಾಮಾನ್ಯವಾಗಿ ಉಳಿಯುವ ದಾರಿಯೆಂದರೆ ಎರಡು ಹೃತ್ಕುಕ್ಷಿಗಳ ನಡುವಣ ಗೋಡೆಯಲ್ಲಿರುವ ರಂಧ್ರ. ಅನೇಕ ಮಕ್ಕಳಲ್ಲಿ ಶಸ್ತ್ರವೈದ್ಯರು ಆ ರಂಧ್ರದಿಂದ ಮಹಾಪಧಮನಿಯ ಬುಡದವರೆಗೆ ತೇಪೆಯೊಂದನ್ನು ಹೊಲಿದು ಹೃದಯದೊಳಗೇ ಸುರಂಗ ಕಟ್ಟುತ್ತಾರೆ. ರಂಧ್ರ ಎಲ್ಲಿದೆ, ಸುರಂಗ ಎಷ್ಟು ಬಾಗಬೇಕು, ಕವಾಟವನ್ನು ಹಿಡಿದ ಎಳೆಗಳು ಅಡ್ಡ ಬರುತ್ತವೆಯೇ ಎಂಬ ಸಂಗತಿಗಳು ಮಗುವಿನಿಂದ ಮಗುವಿಗೆ ಬೇರೆಯಾಗುವುದರಿಂದ, ಪುಸ್ತಕದ ಚಿತ್ರ ನೋಡಿ ಈ ಕೆಲಸ ಕಲಿಯುವುದು ಕಷ್ಟ. ಇಲ್ಲಿ ನೆರವಿಗೆ ಬರುವುದು ತ್ರೀಡಿ ಮುದ್ರಣ, ಅಂದರೆ ಸ್ಕ್ಯಾನ್ ಚಿತ್ರಗಳಿಂದ ಹೃದಯದ ಮೂರು ಆಯಾಮದ ಮಾದರಿಯನ್ನು ಅಚ್ಚು ತೆಗೆಯುವುದು.

ಹಿಂದಿನ ತಲೆಮಾರಿನ ವೈದ್ಯರು ಈ ಕೆಲಸ ಕಲಿತದ್ದು ಬಹುಮಟ್ಟಿಗೆ ಕೆಡದಂತೆ ಫಾರ್ಮಲಿನ್ ದ್ರವದಲ್ಲಿಟ್ಟ ಹೃದಯಗಳಿಂದ. ಅವು ಅಪರೂಪ, ಒಮ್ಮೆ ಕತ್ತರಿಸಿದರೆ ಮತ್ತೊಬ್ಬ ವಿದ್ಯಾರ್ಥಿಗೆ ಅದೇ ಹೃದಯ ಸಿಗುವುದಿಲ್ಲ. ಮುದ್ರಣದ ನಿಜವಾದ ಲಾಭ ಇರುವುದು ಇಲ್ಲಿ. ಜೀವಂತ ರೋಗಿಯ ಸಿ.ಟಿ. ಸ್ಕ್ಯಾನ್‌ನಿಂದ ಮಾಡಿದ ಮಾದರಿಯನ್ನು ಬೇಕಾದಷ್ಟು ಸಲ ಅಚ್ಚು ತೆಗೆದು, ತರಗತಿಯ ಎಲ್ಲರ ಕೈಗೂ ಒಂದೇ ಹೃದಯವನ್ನು ಕೊಡಬಹುದು. ಟೊರಾಂಟೊದ ಮಕ್ಕಳ ಆಸ್ಪತ್ರೆ ಸಿಕ್‌ಕಿಡ್ಸ್ 2015ರಲ್ಲಿ ನಡೆಸಿದ ಶಿಬಿರದಲ್ಲಿ ಶಸ್ತ್ರವೈದ್ಯರು ಇಂತಹ ಮೃದು ಮಾದರಿಗಳ ಮೇಲೆ ಕತ್ತರಿ, ಸೂಜಿ, ದಾರ ಹಿಡಿದು ಅಭ್ಯಾಸ ಮಾಡಿದರು. ಆದರೆ ರಬ್ಬರಿನಂತಹ ಆ ವಸ್ತು ಹೃದಯದ ಸ್ನಾಯುವಿನಂತೆ ವರ್ತಿಸುವುದಿಲ್ಲ. ಸೂಜಿ ಚುಚ್ಚುವಾಗಿನ ಬಿಗಿ ಬೇರೆ, ದಾರ ಎಳೆದಾಗ ಹರಿಯುವ ರೀತಿಯೂ ಬೇರೆ. ಹೊಲಿಗೆಯ ಕ್ರಮವನ್ನು ಇಲ್ಲಿ ಕಲಿಯಬಹುದು, ಹೊಲಿಗೆಯ ಹದವನ್ನು ಅಷ್ಟಾಗಿ ಕಲಿಯಲಾಗದು.

ಇದಕ್ಕಿಂತ ಕಡಿಮೆ ಚರ್ಚೆಯಾಗುವ, ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಪಾಠವೊಂದು ಮುದ್ರಕ ಚಾಲೂ ಆಗುವ ಮೊದಲೇ, ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತದೆ. ಸಿ.ಟಿ. ಚಿತ್ರವೆಂದರೆ ಬೂದುಬಣ್ಣದ ನೂರಾರು ಪದರಗಳು. ರಕ್ತನಾಳಕ್ಕೆ ಕೊಟ್ಟ ಕಾಂಟ್ರಾಸ್ಟ್ ದ್ರವದಿಂದಾಗಿ ರಕ್ತ ಬೆಳ್ಳಗೆ ಕಾಣುತ್ತದೆ. ಕನಿಷ್ಠ ಎಷ್ಟು ಬಿಳುಪಿದ್ದರೆ ರಕ್ತವೆಂದು ಎಣಿಸಬೇಕೆಂಬ ಮಿತಿಯನ್ನು ತಂತ್ರಾಂಶದಲ್ಲಿ ಮನುಷ್ಯರೇ ನಿಗದಿ ಮಾಡಿ, ಉಳಿದ ಅಂಚುಗಳನ್ನು ಪದರ ಪದರವಾಗಿ ಕೈಯಿಂದಲೇ ತಿದ್ದುತ್ತಾರೆ. ಮಿತಿಯನ್ನು ತುಸು ಇಳಿಸಿದರೆ ಅಕ್ಕಪಕ್ಕದ ಎರಡು ನಾಳಗಳು ಅಂಟಿಕೊಳ್ಳುತ್ತವೆ; ಏರಿಸಿದರೆ ಕಿರಿದಾದ ನಾಳ ಮಾಯವಾಗುತ್ತದೆ. ಹೃತ್ಕರ್ಣಗಳ (ಹೃದಯದ ಮೇಲ್ಕೋಣೆಗಳ) ನಡುವಣ ತೆಳುಪೊರೆ ಚಿತ್ರದಲ್ಲಿ ಕರಗಿಹೋಗಿ, ಇಲ್ಲದ ರಂಧ್ರವೊಂದು ಮಾದರಿಯಲ್ಲಿ ಹುಟ್ಟಿಕೊಳ್ಳಬಹುದು. ಸುಣ್ಣಗಟ್ಟಿದ (ಕ್ಯಾಲ್ಸಿಯಂ ಕೂಡಿ ಗಟ್ಟಿಯಾದ) ಭಾಗ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೂ ಅಚ್ಚಾಗಿ ಬಂದ ಹೃದಯ ನೋಡಲು ನುಣುಪಾಗಿ, ನಂಬುವಂತೆಯೇ ಇರುತ್ತದೆ. ಅಪಾಯವೂ ಅದೇ.

ಆದ್ದರಿಂದ ತರಬೇತಿಯಲ್ಲಿ ರೇಡಿಯಾಲಜಿ ವೈದ್ಯರು, ಹೃದ್ರೋಗ ತಜ್ಞರು, ಶಸ್ತ್ರವೈದ್ಯರು ಮತ್ತು ತಂತ್ರಜ್ಞರು ಒಟ್ಟಿಗೆ ಕೂರಬೇಕು. ತ್ರೀಡಿ ಸ್ಲೈಸರ್‌ನಂತಹ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಹಾಗಾಗಿ ಕಲಿಯಲು ದುಬಾರಿ ಮುದ್ರಕವೇ ಬೇಕೆಂದೇನಿಲ್ಲ. ಒಂದೇ ಸ್ಕ್ಯಾನನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿ, ಎರಡೂ ಮಾದರಿಗಳಲ್ಲಿ ರಂಧ್ರದ ಅಳತೆಯನ್ನು ಮೂಲಚಿತ್ರದೊಂದಿಗೆ ಹೋಲಿಸಿದರೆ, ಮಾದರಿಯಲ್ಲಿ ಎಷ್ಟು ಭಾಗ ರೋಗಿಯದು, ಎಷ್ಟು ಭಾಗ ತಿದ್ದಿದವರದು ಎಂಬುದು ಹೊರಬೀಳುತ್ತದೆ.

ಮೊದಲು ಹೇಳಿದ ಕವಾಟದ ಎಳೆಗಳ ವಿಷಯವನ್ನೇ ನೋಡಿ. ಸುರಂಗದ ದಾರಿಯನ್ನು ನಿರ್ಧರಿಸಬಲ್ಲ ಆ ಎಳೆಗಳು ಸಿ.ಟಿ.ಯಲ್ಲಿ ಸರಿಯಾಗಿ ಮೂಡುವುದೇ ಇಲ್ಲ, ಹಾಗಾಗಿ ಮಾದರಿಯಲ್ಲಿಯೂ ಸಾಮಾನ್ಯವಾಗಿ ಇರುವುದಿಲ್ಲ. ಮಿಡಿಯುವ ಹೃದಯದಲ್ಲಿ ಅವುಗಳನ್ನು ಶಬ್ದತರಂಗಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿಯೇ ಹುಡುಕಬೇಕು. ಮುದ್ರಿತ ಹೃದಯವಾದರೋ ಬಡಿತದ ಒಂದೇ ಗಳಿಗೆಯಲ್ಲಿ ನಿಂತಿರುತ್ತದೆ. ಮಾದರಿಯಲ್ಲಿ ಸುರಂಗಕ್ಕೆ ದಾರಿ ತೆರವಾಗಿ ಕಂಡರೂ, ಎಕೋ ನೋಡಿ ಖಚಿತಪಡಿಸಿಕೊಳ್ಳುವವರೆಗೆ ಅದು ತೆರವೆಂದು ಲೆಕ್ಕವಲ್ಲ.